ಆ ಹಾಳೆಯಲ್ಲಿ ನೆಲಮಂಗಲದವರು ಇರಲಿಲ್ಲ: ನಮ್ಮ ಗುರುಗಳಿಗೊಂದು ಬಹಿರಂಗ ಪತ್ರ

ಪೂಜ್ಯ ಗುರುಗಳಿಗೆ, ಧರ್ಮಕೇಂದ್ರಗಳ ಪಾಲನಾ ಸಮಿತಿಯವರಿಗೆ, ಮತ್ತು ನನ್ನ ಹಾಗೆ ಭಾನುವಾರದ ಪೂಜೆಯಲ್ಲಿ ಹಾಳೆ ಹಿಡಿದು ವಿಶ್ವಾಸಿಗಳ ಪ್ರಾರ್ಥನೆಯನ್ನು, ಅಂದರೆ ಎಲ್ಲರ ಪರವಾಗಿ ಒಂದೊಂದಾಗಿ ಬೇಡುವ ಕೋರಿಕೆಗಳನ್ನು, ಓದುವ ಎಲ್ಲರಿಗೂ ನಮಸ್ಕಾರ.

2019ರ ಏಪ್ರಿಲ್ 28, ಭಾನುವಾರ. ಶ್ರೀಲಂಕೆಯಲ್ಲಿ ಈಸ್ಟರ್ ಹಬ್ಬದ ಬೆಳಿಗ್ಗೆ ಬಾಂಬು ಸಿಡಿದು ಸರಿಯಾಗಿ ಒಂದು ವಾರ. ಬೆಂಗಳೂರಿನ ಹೊರವಲಯದ ನಮ್ಮ ಚರ್ಚಿನಲ್ಲಿ ಅವತ್ತು ಪ್ರಾರ್ಥನೆ ಓದುವ ಸರದಿ ನನ್ನದು. ಪೂಜೆಗೆ ಹತ್ತು ನಿಮಿಷ ಇರುವಾಗ ಹಾಳೆ ಕೈಗೆ ಬಂತು. ನಾಲ್ಕನೆಯದು ಪರೀಕ್ಷೆ ಫಲಿತಾಂಶಕ್ಕೆ ಕಾದಿರುವ ಮಕ್ಕಳಿಗಾಗಿ. ಆರನೆಯದು ಮಳೆಗಾಗಿ. ನಡುವೆ ಐದನೆಯದು: 'ಶ್ರೀಲಂಕೆಯಲ್ಲಿ ಮಡಿದ ನಮ್ಮ ಕ್ರೈಸ್ತ ಬಂಧುಗಳ ಆತ್ಮಶಾಂತಿಗಾಗಿ ಪ್ರಾರ್ಥಿಸೋಣ.' ನಾನು ಓದಿದೆ, ಜನ ಉತ್ತರ ಕೊಟ್ಟರು, ಮಳೆಗೆ ಹೋದೆವು.

ಪೂಜೆ ಮುಗಿದು ಹೊರಗೆ ಬಂದರೆ ಗೇಟಿನ ಪಕ್ಕ ಹೂವು, ಮೇಣದ ಬತ್ತಿ ಮಾರುವ ಅಕ್ಕ ನಿಲ್ಲಿಸಿದಳು. ಅವಳ ತವರು ತುಮಕೂರು ರಸ್ತೆಯ ಕಡೆ. ನಮ್ಮ ಮೈಕು ಆಗ ಅವಳಿಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಟೀಚರಮ್ಮ, ಲಂಕೆಲಿ ಸತ್ತೋರಿಗೆ ಅಂತ ಓದಿದ್ರಲ್ಲ, ನಮ್ ನೆಲಮಂಗ್ಲದ ಕಡೆಯೋರ್ನೂ ಸೇರಿಸ್ಕಂಡ್ರಾ?"

ನನಗೆ ಮಾತು ಹೊರಡಲಿಲ್ಲ. ಹಾಳೆ ಇನ್ನೂ ಕೈಯಲ್ಲೇ ಇತ್ತು. ಅದರಲ್ಲಿ 'ಕ್ರೈಸ್ತ ಬಂಧುಗಳ' ಎಂದೇ ಇತ್ತು. "ದೇವರಿಗೆ ಗೊತ್ತಿರುತ್ತಮ್ಮ" ಎಂದು ಏನೋ ಹೇಳಿ ಜಾರಿಕೊಂಡೆ. ಇಪ್ಪತ್ತೆಂಟು ವರ್ಷ ಮೇಷ್ಟ್ರುಗಿರಿ ಮಾಡಿದವಳು ನಾನು. ಉತ್ತರ ಗೊತ್ತಿಲ್ಲದ ಹುಡುಗ ಮುಖ ಹೇಗೆ ಮಾಡುತ್ತಾನೋ ನನಗೆ ಗೊತ್ತು. ಅವತ್ತು ನನ್ನ ಮುಖವೂ ಹಾಗೇ ಇತ್ತು.

ಮರೆತವರಿಗೆ ಒಮ್ಮೆ ನೆನಪಿಸುತ್ತೇನೆ. ಆ ವರ್ಷ ಏಪ್ರಿಲ್ 18ಕ್ಕೆ ನಮ್ಮಲ್ಲಿ ಲೋಕಸಭೆಗೆ ಮತದಾನ ಮುಗಿಯಿತು. ಪ್ರಚಾರಕ್ಕೆ ಹಗಲೂ ರಾತ್ರಿ ಓಡಾಡಿದ್ದ ಜೆಡಿಎಸ್ ಕಾರ್ಯಕರ್ತರ ಒಂದು ಗುಂಪು, ನೆಲಮಂಗಲ ಮತ್ತು ಬೆಂಗಳೂರಿನ ಆಚೀಚೆಯವರು, ನಾಲ್ಕು ದಿನ ಸುಧಾರಿಸಿಕೊಂಡು ಬರೋಣವೆಂದು ಕೊಲಂಬೊಗೆ ಹೋದರು. 21ರ ಬೆಳಿಗ್ಗೆ ಶಾಂಗ್ರಿ-ಲಾ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದರು. ವಾಪಸು ಬಂದದ್ದು ಶವಗಳು. ಅವರು ಚರ್ಚಿಗೆ ಹೋದವರಲ್ಲ, ಯಾವ ಧರ್ಮಕ್ಕಾಗಿಯೂ ಸತ್ತವರಲ್ಲ. ತಟ್ಟೆಯ ಮುಂದೆ ಕೂತಿದ್ದವರು, ಅಷ್ಟೇ.

ಅವತ್ತು ಬೆಳಿಗ್ಗೆ 8.45ರ ಹೊತ್ತಿಗೆ ಶುರುವಾಗಿ ಅರ್ಧ ಗಂಟೆಯೊಳಗೆ ಆರು ಕಡೆ ಆತ್ಮಹತ್ಯಾ ಬಾಂಬುಗಳು ಸಿಡಿದವು. ಮೂರು ಹೋಟೆಲು, ಮೂರು ಚರ್ಚು. ಸತ್ತವರು ಸುಮಾರು 270, ಗಾಯಗೊಂಡವರು 500ಕ್ಕೂ ಹೆಚ್ಚು. ಕೊಲಂಬೊ ಕೊಚ್ಚಿಕಡೆಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರ ಒಂದು. ನೆಗೊಂಬೊ ಹತ್ತಿರ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ ಚರ್ಚು ಇನ್ನೊಂದು. ಅಲ್ಲೊಂದೇ ಕಡೆ ನೂರಕ್ಕೂ ಹೆಚ್ಚು ಜನ ಸತ್ತರು. ಮೂರನೆಯದು ಮಟ್ಟಕ್ಕಳಪ್ಪಿನ ಜಿಯೋನ್ ಚರ್ಚು. ಅದು ಕಥೋಲಿಕರದ್ದೇ ಅಲ್ಲ. ಅಲ್ಲಿ ಸತ್ತವರಲ್ಲಿ ಭಾನುವಾರದ ಬೈಬಲ್ ಪಾಠ ಮುಗಿಸಿದ್ದ ಮಕ್ಕಳು ಹಲವರು.

ನಮಗೂ ಲಂಕೆಗೂ ಗಡಿಯಾರ ಒಂದೇ. ಅಲ್ಲಿ 8.45 ಎಂದರೆ ಇಲ್ಲೂ 8.45. ನಮ್ಮಲ್ಲಿ ಆ ಹೊತ್ತಿಗೆ ಎರಡನೇ ಪೂಜೆ. ಗಾಯನವೃಂದದ ಹುಡುಗಿಯರು ಹೊಸ ಸೀರೆಯುಟ್ಟು ಅಲ್ಲೆಲೂಯ ಹಾಡುತ್ತಿದ್ದರು. ಈಸ್ಟರಿಗೆ ಮುಂಚಿನ ನಲವತ್ತು ದಿನ ತಪಸ್ಸುಕಾಲದಲ್ಲಿ ಬಾಯಿಗೆ ಬಾರದ ಪದ ಅದು. ಅಂದು ಚರ್ಚಿನ ಛಾವಣಿ ಹಾರಿಹೋಗುವ ಹಾಗೆ ಹಾಡುತ್ತೇವೆ. ಕಟುವಾಪಿಟಿಯದಲ್ಲಿ ಅದೇ ಹೊತ್ತಿಗೆ ಹೆಂಚು ನಿಜವಾಗಿಯೇ ಹಾರಿಹೋಗಿತ್ತು.

ಕೊಚ್ಚಿಕಡೆಯನ್ನು ದೂರದ ಊರೆಂದುಕೊಳ್ಳಬೇಡಿ. ಡಚ್ಚರ ಕಾಲದಲ್ಲಿ ಕಥೋಲಿಕ ಪೂಜೆಗೆ ನಿಷೇಧವಿದ್ದಾಗ ವ್ಯಾಪಾರಿಯ ವೇಷದಲ್ಲಿ ಬಂದ ಅಂತೋನಿಯೊ ಎಂಬ ಗುರುವಿನ ಕಥೆ ಆ ಜಾಗಕ್ಕಿದೆ. ಕಡಲು ಕೊರೆಯುತ್ತಿದ್ದ ದಡದಲ್ಲಿ ಅವರು ಶಿಲುಬೆ ನೆಟ್ಟು ಪ್ರಾರ್ಥಿಸಿದರು, ನೀರು ಹಿಂದೆ ಸರಿಯಿತು ಎನ್ನುತ್ತಾರೆ. ಅಂತೋಣಿಯವರ ಪ್ರತಿಮೆ ಆಮೇಲೆ ಗೋವೆಯಿಂದ ಹೋಯಿತು. ಮಂಗಳವಾರ ಬಂತೆಂದರೆ ಅಲ್ಲಿ ಬೌದ್ಧರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಬತ್ತಿ ಹಚ್ಚುತ್ತಾರೆ. ಇದನ್ನು ಕೇಳಿದಾಗ ನನಗೆ ಕಣ್ಣಿಗೆ ಕಟ್ಟಿದ್ದು ಮೈಸೂರು ಜಿಲ್ಲೆಯ ಡೋರನಹಳ್ಳಿ, ಅದೂ ಅಂತೋಣಿಯವರದೇ ಪುಣ್ಯಕ್ಷೇತ್ರ. ಉಳುವವನ ನೇಗಿಲಿಗೆ ಪ್ರತಿಮೆ ಸಿಕ್ಕಿತೆಂಬ ಕಥೆಯ ನಮ್ಮ ಡೋರನಹಳ್ಳಿಗೂ ಮಂಗಳವಾರ ಬರುವವರ ಜಾತಿ, ಮತ ಯಾರು ಕೇಳುತ್ತಾರೆ? ಮುಡಿ ಕೊಡುವವರು, ಹರಕೆ ಹೊತ್ತವರು, ಮಗುವಿಗೆ ಜ್ವರ ಬಿಟ್ಟಿತೆಂದು ಬಂದವರು. ಅವರಲ್ಲಿ ಅರ್ಧಕ್ಕರ್ಧ ಜನ ನಮ್ಮ ರಿಜಿಸ್ಟರಿನಲ್ಲಿ ಇಲ್ಲದವರು.

ಇನ್ನೂ ಹಳೆಯ ನಂಟು ಒಂದಿದೆ. ಗೋವೆಯ ಸಂತ ಜೋಸೆಫ್ ವಾಜ್ ನಮ್ಮ ಕೆನರಾದಲ್ಲಿ, ಮುಡಿಪು, ಮಂಗಳೂರಿನ ಸುತ್ತ ಕೆಲವು ವರ್ಷ ಸೇವೆ ಮಾಡಿ, ಆಮೇಲೆ 1687ರಲ್ಲಿ ಕೂಲಿಯವನ ವೇಷದಲ್ಲಿ ಲಂಕೆಗೆ ಹೋಗಿ, ಅಲ್ಲಿ ಚೂರುಚೂರಾಗಿದ್ದ ಕಥೋಲಿಕ ಸಭೆಯನ್ನು ಕೂಡಿಸಿದರು. ಕ್ಯಾಂಡಿಯಲ್ಲಿ ಅವರನ್ನು ಕಾಪಾಡಿದ್ದು ಬೌದ್ಧ ಅರಸ. ಸಿಡುಬು ಬಂದಾಗ ಅವರು ಶುಶ್ರೂಷೆ ಮಾಡಿದ್ದು ಬೌದ್ಧರಿಗೂ ಸೇರಿ. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊಗೇ ಹೋಗಿ ಅವರಿಗೆ ಸಂತ ಪದವಿ ಕೊಟ್ಟರು. ಹೀಗಿರುವಾಗ ನಾವು ಬೆಂಗಳೂರಿನಲ್ಲಿ ಕೂತು, ಸತ್ತವರನ್ನು ಮೈಕಿನ ಮುಂದೆ ಇಬ್ಭಾಗ ಮಾಡಿದೆವಲ್ಲ.

ಹಾಳೆ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ನಾನೇ ಬರೆದಿದ್ದರೂ ಹಾಗೇ ಬರೆಯುತ್ತಿದ್ದೆ. ಸಿಟ್ಟು ಇರುವುದು ನಮ್ಮ ರೂಢಿಯ ಮೇಲೆ. ಎಲ್ಲೋ ಹತ್ಯಾಕಾಂಡ ನಡೆಯುತ್ತದೆ, ನಾವು ಒಂದು ವಾಕ್ಯ ಸೇರಿಸುತ್ತೇವೆ. ಸಾಯಂಕಾಲ ಬತ್ತಿ ಹಿಡಿದು ಚರ್ಚಿನ ಸುತ್ತ ಒಂದು ಸುತ್ತು ಬರುತ್ತೇವೆ, ಫೋಟೋ ಗ್ರೂಪಿಗೆ ಹಾಕುತ್ತೇವೆ. ಮುಂದಿನ ವಾರ ಹಾಳೆಯಲ್ಲಿ ಆ ಸಾಲು ಇರುವುದಿಲ್ಲ.

ಅವತ್ತಿನ ಸುವಾರ್ತೆ ಯಾವುದಿತ್ತು, ನೆನಪಿದೆಯೇ ಗುರುಗಳೇ? ಈಸ್ಟರ್ ಆದ ಮುಂದಿನ ಭಾನುವಾರ ಪ್ರತಿ ವರ್ಷವೂ ಅದೇ, ಯೊವಾನ್ನನ ಸುವಾರ್ತೆಯ 20ನೇ ಅಧ್ಯಾಯ. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಯೇಸು ನಡುವೆ ಬಂದು ನಿಂತು 'ನಿಮಗೆ ಶಾಂತಿ' ಎನ್ನುತ್ತಾರೆ. ಅಂದವರು ತಕ್ಷಣ ಮಾಡುವುದೇನು? ತಮ್ಮ ಕೈಯನ್ನೂ ಪಕ್ಕೆಯನ್ನೂ ತೋರಿಸುತ್ತಾರೆ. ಗಾಯ ತೋರಿಸಿದ ಮೇಲೆ ಇನ್ನೊಮ್ಮೆ 'ನಿಮಗೆ ಶಾಂತಿ' ಎನ್ನುತ್ತಾರೆ. ಎಂಟು ದಿನ ಕಳೆದು ಮತ್ತೆ ಬಂದು, ಗಾಯ ನೋಡದೆ ನಂಬುವುದಿಲ್ಲ ಎಂದಿದ್ದ ಶಿಷ್ಯ ತೋಮನಿಗೆ ಬೆರಳಿಟ್ಟು ನೋಡು ಎನ್ನುತ್ತಾರೆ. ಅದೇ ಭಾನುವಾರ ಶ್ರೀಲಂಕೆಯಲ್ಲಿ ಕಥೋಲಿಕ ಚರ್ಚುಗಳ ಬಾಗಿಲು ಮುಚ್ಚಿತ್ತು. ಇನ್ನೊಂದು ದಾಳಿಯ ಭಯ. ಕೊಲಂಬೊದ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಮಾಲ್ಕಮ್ ರಂಜಿತ್ ತಮ್ಮ ನಿವಾಸದ ಪುಟ್ಟ ಪ್ರಾರ್ಥನಾಲಯದಲ್ಲಿ ಪೂಜೆ ಅರ್ಪಿಸಿದರು, ದೇಶದ ಕಥೋಲಿಕರು ಟೀವಿಯ ಮುಂದೆ ಕೂತು ಭಾಗಿಯಾದರು. ಆಮೇಲೆ ಕೊರೋನಾ ಬಂದು ಟೀವಿ ಪೂಜೆ ನಮಗೂ ಅಭ್ಯಾಸವಾಯಿತು, ಆ ಮಾತು ಬೇರೆ. ಬಾಗಿಲು ಹಾಕಿಕೊಂಡ ಶಿಷ್ಯರ ಕಥೆಯನ್ನು ಬಾಗಿಲು ಹಾಕಿಕೊಂಡೇ ಕೇಳಿದ ಸಭೆ ಅದು. ನಮ್ಮ ಪ್ರಬೋಧನೆಯಲ್ಲಿ ಅದರ ಸುದ್ದಿ ಬರಲಿಲ್ಲ. ಬಂದದ್ದು ಚರ್ಚಿನ ಸುಣ್ಣ ಬಣ್ಣದ ನಿಧಿಯ ಲೆಕ್ಕ.

ಕಟುವಾಪಿಟಿಯದ ಚರ್ಚಿನಲ್ಲಿ ಪುನರುತ್ಥಾನರಾದ ಯೇಸುವಿನ ಪ್ರತಿಮೆಯೊಂದಿತ್ತು. ಸ್ಫೋಟದಲ್ಲಿ ಅದರ ಬಿಳಿಯ ಮೈಮೇಲೆಲ್ಲ ಜನರ ರಕ್ತ ಸಿಡಿಯಿತು. ಆ ಚಿತ್ರವನ್ನು ನೀವೂ ಪತ್ರಿಕೆಯಲ್ಲಿ ನೋಡಿರುತ್ತೀರಿ. ಚರ್ಚನ್ನು ದುರಸ್ತಿ ಮಾಡಿದರು, ಹೊಸ ಹೆಂಚು ಹೊದಿಸಿದರು, ಆದರೆ ಪ್ರತಿಮೆಯನ್ನು ತೊಳೆಯಲಿಲ್ಲ. ಆ ಕಲೆಗಳ ಸಮೇತ ಗಾಜಿನೊಳಗೆ ಇಟ್ಟಿದ್ದಾರೆ. ನಮ್ಮಲ್ಲಾಗಿದ್ದರೆ ಹಬ್ಬಕ್ಕೆ ಮೊದಲೇ ಪೇಂಟರ್ ಬಂದಿರುತ್ತಿದ್ದ.

ಗುಣವಾಗಲಿ ಎಂಬ ಪ್ರಾರ್ಥನೆಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಕೆಲವರಿಗೆ ಬೇಸರವಾದರೂ. 'ಸ್ವಸ್ಥತೆಯ ಪ್ರಾರ್ಥನೆ' ಎಂದರೆ ನಮ್ಮಲ್ಲೀಗ ಶಾಮಿಯಾನ, ಕೀಬೋರ್ಡು, ಕೈಯೆತ್ತಿ ಜೋರಾಗಿ ಸ್ತುತಿ, ಕೊನೆಗೆ ಒಬ್ಬರಾದ ಮೇಲೆ ಒಬ್ಬರು ಬಂದು ಸಾಕ್ಷಿ ಹೇಳುವುದು. ಅದರಿಂದ ಸಮಾಧಾನ ಪಡೆದವರನ್ನು ಕಂಡಿದ್ದೇನೆ, ಹಗುರವಾಗಿ ಮಾತಾಡುವುದಿಲ್ಲ. ಆದರೆ ಮಗಳನ್ನೂ ಹೆಂಡತಿಯನ್ನೂ ಒಂದೇ ಬೆಂಚಿನಲ್ಲಿ ಕಳೆದುಕೊಂಡವನಿಗೆ ಆ ಶಾಮಿಯಾನದಲ್ಲಿ ಎಲ್ಲಿ ಜಾಗ? ಅವನು ವೇದಿಕೆಗೆ ಬಂದು ಏನು ಸಾಕ್ಷಿ ಹೇಳಬೇಕು? ಅವನಿಗೆಂದೇ ಬೈಬಲಿನಲ್ಲಿ ಕೀರ್ತನೆಗಳಿವೆ. 130ನೆಯದು ಪಾತಾಳದಿಂದ ಕೂಗುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಒಂದು ಒಳ್ಳೆಯ ಮಾತು ಇಲ್ಲ. ಇಂಥ ಕೀರ್ತನೆಯನ್ನು ನಾವು ಸಭೆಯಲ್ಲಿ ಯಾವತ್ತು ಕೂಡಿ ಹೇಳಿದ್ದೇವೆ? ಶತ್ರುವನ್ನು ಶಪಿಸುವ 58, 83 ಮತ್ತು 109ನೇ ಕೀರ್ತನೆಗಳನ್ನು ಸಭೆಯೇ ದೈನಿಕ ಪ್ರಾರ್ಥನೆಯ ಪುಸ್ತಕದಿಂದ ಬಿಟ್ಟಿದೆ, ಅದು ಸರಿ. ಅಳುವ ಕೀರ್ತನೆಗಳನ್ನು ಯಾರೂ ಬಿಟ್ಟಿಲ್ಲ, ನಾವೇ ತೆರೆಯುವುದಿಲ್ಲ.

ಶಾಂತಿಗೆ ಬರುತ್ತೇನೆ. ದಾಳಿಯಾದ ದಿನದಿಂದಲೇ ಕಾರ್ಡಿನಲ್ ಜನರನ್ನು ಬೇಡಿಕೊಂಡರು: ಯಾರೂ ಸೇಡಿಗೆ ಹೋಗಬೇಡಿ. ಎರಡು ವಾರಕ್ಕೆ ನೆಗೊಂಬೊದಲ್ಲಿ ಜಗಳವಾಗಿ ಮುಸ್ಲಿಮರ ಮನೆ, ಅಂಗಡಿಗಳ ಮೇಲೆ ಕಲ್ಲು ಬಿದ್ದಾಗ ಅವರೇ ಆ ಜಾಗಕ್ಕೆ ಹೋಗಿ ನಿಂತರು. ಮೇ 13ರ ಹೊತ್ತಿಗೆ ವಾಯವ್ಯ ಪ್ರಾಂತ್ಯದಲ್ಲಿ ಗುಂಪುಗಳು ಮಸೀದಿಗಳಿಗೆ, ಅಂಗಡಿಗಳಿಗೆ ನುಗ್ಗಿದವು, ಒಬ್ಬ ಮುಸ್ಲಿಂ ವ್ಯಕ್ತಿಯನ್ನು ಕೊಂದವು. ಬಾಂಬು ದಾಳಿಯ ಮುಂದಾಳು ಜಹ್ರಾನ್ ಹಾಶಿಮ್ ಮೇಲೆ ಅವನ ಊರು ಕಾಟ್ಟಾನ್‌ಕುಡಿಯ ಮುಸ್ಲಿಮರೇ ಮೊದಲು ದೂರು ಕೊಟ್ಟಿದ್ದರೆಂಬುದು ಆ ಗುಂಪುಗಳಿಗೆ ಬೇಕಿರಲಿಲ್ಲ. ನಮ್ಮ ವಾಟ್ಸಾಪ್ ಗ್ರೂಪಿಗೂ ಬೇಕಿರಲಿಲ್ಲ. ಆ ವಾರಗಳಲ್ಲಿ ಜಪಸರದ ಗ್ರೂಪಿನಲ್ಲಿ ಏನೇನು ಫಾರ್ವರ್ಡ್ ಆಯಿತೆಂಬುದು ನಮಗೆಲ್ಲ ಗೊತ್ತಿದೆ. ಬೆಳಿಗ್ಗೆ 'ನಮೋ ಮರಿಯಾ', ಮಧ್ಯಾಹ್ನ ವಿಷ. ನಮ್ಮ ಐದನೇ ಪ್ರಾರ್ಥನೆಯಲ್ಲಿ ಹೆದರಿ ಅಂಗಡಿ ಮುಚ್ಚಿ ಕೂತ ನೆಗೊಂಬೊದ ಮುಸ್ಲಿಮನೂ ಇದ್ದಿದ್ದರೆ, ಆ ಸಾಲು ಓದಿದ ಬಾಯಿಗಾದರೂ ಫಾರ್ವರ್ಡ್ ಒತ್ತುವಾಗ ಬೆರಳು ತಡೆಯುತ್ತಿತ್ತೇನೋ.

ಅದೇ ಕಾರ್ಡಿನಲ್ ಶಾಂತಿ ಎಂದು ಹೇಳಿ ಸುಮ್ಮನೆ ಕೂರಲಿಲ್ಲ. ದಾಳಿ ನಡೆಯಬಹುದೆಂದು ಭಾರತದ ಗುಪ್ತಚರರು 2019ರ ಏಪ್ರಿಲ್ 4ರಂದೇ ಎಚ್ಚರಿಸಿದ್ದರು. ಆ ಕಾಗದ ಮೇಜಿನಿಂದ ಮೇಜಿಗೆ ಹೋಯಿತು, ಚರ್ಚಿನ ಬಾಗಿಲಿಗೆ ಬರಲಿಲ್ಲ. ತನಿಖೆ ನಿಧಾನವಾದಾಗ 2021ರ ಮಾರ್ಚ್ 7ರಂದು, ತಪಸ್ಸುಕಾಲದ ಭಾನುವಾರ, ಲಂಕೆಯ ಕಥೋಲಿಕರು ಕಪ್ಪು ಬಟ್ಟೆಯುಟ್ಟು ಪೂಜೆಗೆ ಬಂದರು, ಪೂಜೆ ಮುಗಿಸಿ ಹೊರಗೆ ಫಲಕ ಹಿಡಿದು ನಿಂತರು. 2023ರ ಜನವರಿ 12ರಂದು ಅಲ್ಲಿನ ಸುಪ್ರೀಂ ಕೋರ್ಟು, ಎಚ್ಚರಿಕೆ ಸಿಕ್ಕಿಯೂ ಜನರನ್ನು ಕಾಯಲಿಲ್ಲವೆಂದು ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು 10 ಕೋಟಿ ಲಂಕಾ ರೂಪಾಯಿ ಕೊಡಬೇಕೆಂದು ತೀರ್ಪಿತ್ತಿತು. ಇತರ ಅಧಿಕಾರಿಗಳದ್ದೂ ಸೇರಿ ಒಟ್ಟು 31 ಕೋಟಿ. ಕ್ಷಮಿಸಿ ಎಂದು ಬೋಧಿಸಿದ ಬಾಯೇ ಲೆಕ್ಕ ಕೊಡಿ ಎಂದೂ ಕೇಳಿತು. ನಮ್ಮಲ್ಲಿ ಕೆಲವು ಗುರುಗಳಿಗೆ ಇದು ರಾಜಕೀಯದಂತೆ ಕಾಣುತ್ತದೆ. ನಮ್ಮ ಪೂಜಾ ಗ್ರಂಥದಲ್ಲಿ ಶಾಂತಿಯ ಪೂಜೆಯ ಹೆಸರನ್ನೊಮ್ಮೆ ನೋಡಿ. ಅದರಲ್ಲಿ ಶಾಂತಿಯೂ ನ್ಯಾಯವೂ ಒಟ್ಟಿಗೇ ಇವೆ. ಅದೇ ಗ್ರಂಥದಲ್ಲಿ ನಮ್ಮನ್ನು ಪೀಡಿಸುವವರಿಗಾಗಿಯೂ ಒಂದು ಪೂಜೆಯಿದೆ. ಎರಡೂ ಪುಟಗಳಿಗೆ ನಮ್ಮಲ್ಲಿ ಬೆರಳ ಗುರುತು ಬಿದ್ದಿರುವುದು ಅನುಮಾನ.

2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಕ್ರೈಸ್ತ ಸಂನ್ಯಾಸಿನಿಯರ ಆರಾಧನಾ ಮಠಕ್ಕೆ ದಾಳಿಕೋರರು ನುಗ್ಗಿ ಪರಮ ಪ್ರಸಾದದ ಮಂಜೂಷವನ್ನು ಒಡೆದ ಮರುದಿನ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಬಂದು ಕೂತವರು ಉರ್ದು ಟೀಚರು ಮತ್ತು ಪಿ.ಟಿ. ಮೇಷ್ಟ್ರು. ಅವರಿಬ್ಬರೂ ಏನೂ ಹೇಳಲಿಲ್ಲ. ಬೆಲ್ ಆಗುವವರೆಗೆ ಕೂತಿದ್ದರು. ಅವರ ಪ್ರಾರ್ಥನೆಯ ಹಾಳೆಯಲ್ಲಿ ನಾನಿದ್ದೆನೋ ಇಲ್ಲವೋ ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ.

ಹೊಸದೇನನ್ನೂ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ದಾರಿ ನಮ್ಮಲ್ಲೇ ಇದೆ. ಶುಭ ಶುಕ್ರವಾರದ ಮಹಾ ಪ್ರಾರ್ಥನೆಯನ್ನು ನೆನೆಸಿಕೊಳ್ಳಿ. ಹತ್ತು ಪ್ರಾರ್ಥನೆಗಳು. ಸಭೆಗಾಗಿ, ಪೋಪರಿಗಾಗಿ ಶುರುವಾಗಿ, ಯೆಹೂದ್ಯರಿಗಾಗಿ, ಕ್ರಿಸ್ತರನ್ನು ನಂಬದವರಿಗಾಗಿ, ದೇವರನ್ನೇ ನಂಬದವರಿಗಾಗಿ, ಅಧಿಕಾರದಲ್ಲಿರುವವರಿಗಾಗಿ, ಸಂಕಟದಲ್ಲಿರುವವರಿಗಾಗಿ. ವರ್ಷದಲ್ಲೇ ಅತಿ ದುಃಖದ ದಿನ ಸಭೆ ತನ್ನವರನ್ನು ಮಾತ್ರ ನೆನೆದು ಎದ್ದುಹೋಗುವುದಿಲ್ಲ. ಅದರ ಕ್ರಮವೂ ಚೆನ್ನ: ಯಾರಿಗಾಗಿ ಎಂದು ಮೊದಲು ಹೇಳುವುದು, ಆಮೇಲೆ ಮೊಣಕಾಲೂರಿ ಮೌನ, ಆಮೇಲೆ ಗುರುಗಳ ಪ್ರಾರ್ಥನೆ. ಆ ನಡುವಿನ ಮೌನವನ್ನು ನಾವು ಎರಡು ಸೆಕೆಂಡಿಗೆ ಇಳಿಸಿದ್ದೇವೆ. ಮೊಣಕಾಲು ನೆಲ ಮುಟ್ಟುವಷ್ಟರಲ್ಲಿ 'ಏಳಿರಿ' ಬಂದಿರುತ್ತದೆ. ನನ್ನ ಕೀಲು ನೋವಿಗೆ ಅದು ಅನುಕೂಲವೇ, ಆದರೂ ಹೇಳಬೇಕು.

ರಕ್ತ ಬಿದ್ದ ಚರ್ಚಿನ ವಿಷಯದಲ್ಲೂ ಸಭೆ ಅವಸರ ಮಾಡುವುದಿಲ್ಲ. ಪವಿತ್ರ ಸ್ಥಳದ ಮರ್ಯಾದೆಗೆ ಭಂಗ ಬಂದರೆ, ಪಶ್ಚಾತ್ತಾಪದ ವಿಧಿ ನಡೆಯುವ ತನಕ ಅಲ್ಲಿ ಪೂಜೆ ಮಾಡುವಂತಿಲ್ಲ ಎನ್ನುತ್ತದೆ ಧರ್ಮಸಭೆಯ ಕಾನೂನಿನ 1211ನೇ ವಿಧಿ. ಕೊಚ್ಚಿಕಡೆಯನ್ನು ನೌಕಾಪಡೆಯವರು ದುರಸ್ತಿ ಮಾಡಿಕೊಟ್ಟರು. 2019ರ ಜೂನ್ 12ರಂದು, ಅಂತೋಣಿಯವರ ಹಬ್ಬದ ಹಿಂದಿನ ದಿನ, ಅದನ್ನು ಮತ್ತೆ ಪವಿತ್ರೀಕರಿಸಿ ತೆರೆದರು. ನಡುವಿನ ಏಳು ವಾರಕ್ಕೂ ಹೆಚ್ಚು ಕಾಲ ಜನ ಮುಚ್ಚಿದ ಬಾಗಿಲಿನ ಹೊರಗೆ ರಸ್ತೆಯಲ್ಲೇ ಬತ್ತಿ ಹಚ್ಚಿ ಹೋಗುತ್ತಿದ್ದರು.

ಒಂದು ಆಕ್ಷೇಪಣೆ ಬರುತ್ತದೆಂದು ನನಗೆ ಗೊತ್ತು. 2025ರ ಏಪ್ರಿಲ್ 21ರಂದು, ಅಂದರೆ ಪೋಪ್ ಫ್ರಾನ್ಸಿಸ್ ತೀರಿಕೊಂಡ ದಿನವೇ, ಆ ದಾಳಿಯಲ್ಲಿ ಸತ್ತ 167 ಕಥೋಲಿಕರ ಹೆಸರನ್ನು ವ್ಯಾಟಿಕನ್ ವಿಶ್ವಾಸದ ಸಾಕ್ಷಿಗಳ ಪಟ್ಟಿಗೆ ಸೇರಿಸಿದೆ ಎಂದು ಕೊಲಂಬೊದಲ್ಲಿ ಪ್ರಕಟಿಸಿದರು. ವ್ಯಾಟಿಕನ್ನೇ ನಮ್ಮವರನ್ನು ಬೇರೆ ಎಣಿಸಿದೆಯಲ್ಲ ಎಂದು ನಮ್ಮ ಸಮಿತಿಯ ಹಿರಿಯರೊಬ್ಬರು ಕೇಳಿದರು. ಎಣಿಸಲಿ, ಅದು ಸಾಕ್ಷಿಗಳ ಪಟ್ಟಿ, ಅದಕ್ಕೊಂದು ಅಂಚು ಬೇಕು. ಪೂಜೆಗೆ ಹೋದದ್ದಕ್ಕೇ ಸತ್ತವರನ್ನು ಹಾಗೆ ನೆನೆಯುವುದು ನ್ಯಾಯ. ಆದರೆ ಭಾನುವಾರದ ಪ್ರಾರ್ಥನೆ ಪದವಿ ಕೊಡುವ ಪಟ್ಟಿಯಲ್ಲ. ತಿಂಡಿ ತಿನ್ನುತ್ತಾ ಸತ್ತವನನ್ನೂ ದೇವರ ಮುಂದೆ ಹೆಸರು ಹಿಡಿದು ಕರೆಯಬಹುದಾದ ಜಾಗ ಅದು.

ಹಾಗಾಗಿ ನನ್ನ ಕೋರಿಕೆ ಇಷ್ಟು. 2026ರ ಏಪ್ರಿಲ್ 21 ಮಂಗಳವಾರ ಬೀಳುತ್ತದೆ. ಮಂಗಳವಾರ ಎಷ್ಟೋ ಚರ್ಚುಗಳಲ್ಲಿ ಹೇಗೂ ಅಂತೋಣಿಯವರ ನೊವೆನಾ ಇರುತ್ತದೆ, ಎಲ್ಲ ಮತದವರೂ ಬಂದಿರುತ್ತಾರೆ. ಅಂದು ಸಂಜೆ ಮುಕ್ಕಾಲು ಗಂಟೆ ಕೊಡಿ. ಯೊವಾನ್ನ 20 ಓದಿಸಿ. 88ನೇ ಕೀರ್ತನೆಯನ್ನು ಕತ್ತರಿಸದೆ ಹೇಳಿಸಿ. ಕೊಚ್ಚಿಕಡೆ, ಕಟುವಾಪಿಟಿಯ, ಮಟ್ಟಕ್ಕಳಪ್ಪು, ಮೂರು ಹೋಟೆಲು, ಒಂದೊಂದರ ಹೆಸರು ಹೇಳಿ ಒಂದೊಂದಕ್ಕೆ ಪೂರ್ತಿ ಒಂದು ನಿಮಿಷ ಮೌನ ಇರಲಿ. ನೆಲಮಂಗಲದ ಹೆಸರು ಅದರಲ್ಲಿ ಬರಲಿ. ಆಮೇಲೆ ನಡೆದ ಗಲಭೆಯಲ್ಲಿ ಸತ್ತ ಮುಸ್ಲಿಮನೂ ಬರಲಿ. ಎಚ್ಚರಿಕೆಯ ಕಾಗದ ಕೈಗೆ ಬಂದಾಗ ಸುಮ್ಮನಿರುವ ಅಧಿಕಾರಿಗಳಿಗಾಗಿ ಒಂದು ಪ್ರಾರ್ಥನೆ ಇರಲಿ, ನಮ್ಮ ದೇಶದವರೂ ಸೇರಿ. ಕೊಂದವರ ಹೆಸರಲ್ಲೂ ಒಂದು. ಅದನ್ನು ಓದುವಾಗ ಗಂಟಲು ಕಟ್ಟಿದರೆ ಕಟ್ಟಲಿ. ಆ ದಿನ ಬೇರೆ ಊರಲ್ಲಿ ಹೊಸದೊಂದು ದುರಂತ ನಡೆದಿದ್ದರೆ ಅದಕ್ಕೂ ಇದೇ ಕ್ರಮ ಸಾಕಾಗುತ್ತದೆ. ಸ್ತುತಿಗೀತೆ ಬೇಡವೆನ್ನುವುದಿಲ್ಲ, ಕೀಬೋರ್ಡಿನ ಸದ್ದು ಸ್ವಲ್ಪ ಇಳಿಸಿ.

ನಮ್ಮ ಧರ್ಮಕೇಂದ್ರದಲ್ಲಿ ಹಾಳೆ ಬರೆದುಕೊಡಲು ನಾನು ಸಿದ್ಧ. ಹತ್ತು ನಿಮಿಷ ಮೊದಲಲ್ಲ, ಒಂದು ವಾರ ಮೊದಲೇ ಕೊಡುತ್ತೇನೆ, ತಿದ್ದಿ. ಎರಡೂ ಬದಿ ತುಂಬುತ್ತದೆ. ಇನ್ನೊಂದು ವಿಷಯ: ಗೇಟಿನ ಕಡೆಗೆ ಮುಖ ಮಾಡಿರುವ ಸ್ಪೀಕರು ಮಳೆಗಾಲದಿಂದ ಕೆಟ್ಟು ಕೂತಿದೆ, ಅಷ್ಟರೊಳಗೆ ಅದನ್ನು ರಿಪೇರಿ ಮಾಡಿಸಿ. ಹೂವಿನ ಅಕ್ಕ ಈಗಲೂ ಅಲ್ಲೇ ಕೂರುತ್ತಾಳೆ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಮೂರನೇ ಸಾಲಿನ ಬೆಂಚಿನವಳು, ನಿವೃತ್ತ ಕನ್ನಡ ಟೀಚರು
ಬೆಂಗಳೂರು